ಬಸಣ್ಣನ ಅಂಗಡಿ ನನಗೆ ಕಾಣಲಿಲ್ಲ!

ಗೆಳೆಯರೇ, ಕೇಳಿ! ಇವತ್ತು ಸಂಜೆ ಆಫೀಸಿನಿಂದ ಬರುವಾಗ ನಾನು ಬಸಣ್ಣನ ಪಾನ್ ಅಂಗಡಿ ನೋಡಲಿಲ್ಲ. ಹಲ್ಲು ಕಚ್ಚಿ ತಲೆ ತಗ್ಗಿಸಿಕೊಂಡು ದಾಟಿದ್ದಲ್ಲ, ಬೇವಿನ ಗಿಡದಲ್ಲಿದ್ದ ಗಿಳಿ ನೋಡುತ್ತ ಬಂದುಬಿಟ್ಟೆ!

ಗುಟ್ಕಾ ಬಿಟ್ಟಾಗ ಡಾಕ್ಟರು ಹೇಳಿದ್ದರು: "ಬಾಯಿ ಬಿಟ್ರೂ ಮಿದುಳು ಹುಡುಕೂದು ಬಿಡಂಗಿಲ್ರಿ. ಕಣ್ಣು ತಾನಾಗೇ ಆ ಕಡೆ ಹೋಗೂದು ನಿಂತ್ರ, ಅವತ್ತ ಗೆದ್ದಂಗ." ಹೌದು ಮತ್ತೆ! ನವನಗರದ ಒಂದೇ ನಮೂನೆಯ ಮನೆಗಳಲ್ಲಿ ನಮ್ಮನೆಯನ್ನೇ ದಾಟಿ ಹೋಗುವವನು ನಾನು. ಆದರೆ ಅಂಗಡಿ ಮುಂದೆ ತೂಗುವ ಗುಟ್ಕಾ ಪಾಕೀಟಿನ ಮಾಲೆ ಮಾತ್ರ ಎರಡು ಸೆಕ್ಟರ್ ಆಚೆಯಿಂದಲೇ ಹೊಳೆಯುತ್ತಿತ್ತು.

ಬಾಗಿಲಲ್ಲೇ ಹೆಂಡತಿಗೆ ಕೂಗಿ ಹೇಳಿದೆ: "ಲಲಿತಾ, ಗೆದ್ದೆ! ಬಸಣ್ಣನ ಅಂಗಡಿ ನಂಗ ಕಾಣಲೇ ಇಲ್ಲ!"

ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಹೆಂಗ ಕಾಣತೈತ್ರಿ? ಅಂವ ಮುಂಜಾನೆನ ಡಬ್ಬಿ ಅಂಗಡಿ ಎತ್ತಿಸ್ಕೊಂಡು ವಿದ್ಯಾಗಿರಿಗೆ ಹೋದ. ಅಲ್ಲೀಗ ಬರೇ ನೆಲ ಐತಿ."

ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ಅಡುಗೆಮನೆಯಲ್ಲೇ ಕುಣಿದೆ.

"ಅದನ್ನ ನಾ ಹೇಳೂದು! ಮೊದಲಿನ ನಾ ಆಗಿದ್ರ, ಅಂಗಡಿ ಇಲ್ಲಂತ ಗೊತ್ತಾಗದ ಇರ್ತಿತ್ತೇನು? ಅಲ್ಲೇ ನಿಂತು ಬಾಯಿ ಬಾಯಿ ಬಡ್ಕೋತಿದ್ದೆ!"

ಈಗ ಅವಳ ಕೈ ನಿಂತಿತು. "ಖರೇನ ಬಿಡ್ರಿ," ಎಂದು ನಕ್ಕಳು. "ಒಂದಿನ ಅಂಗಡಿ ತೆಗೀಲಿಲ್ಲಂತ ಅವನ ಮನಿಗೇ ಹೋಗಿ ಎಬ್ಬಿಸಿದೋರು ನೀವು!"

ಇಷ್ಟು ದೊಡ್ಡ ಸುದ್ದಿಯನ್ನು ಖುದ್ದು ಬಸಣ್ಣನಿಗೇ ಹೇಳಿ ಬರೋಣವೆಂದು ಎದ್ದೆ. ಲಲಿತಾ ಚಪ್ಪಲಿ ಬಚ್ಚಿಟ್ಟಿದ್ದಾಳೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.