ಕಲಾಯಿ ಪಾತ್ರೆಯ ಹುಣಸೆನೀರು

ಸೋಸುವುದೂ ಒಂದು ಕೆಲಸವೇ ಎಂದು ಕೇಳುವವರು ಒಮ್ಮೆ ಹುಣಸೆಹಣ್ಣಿನ ನೀರನ್ನು ಸೋಸಿ ನೋಡಬೇಕು. ಬಟ್ಟೆಯಲ್ಲಲ್ಲ, ಪ್ರಯೋಗಶಾಲೆಯ ಸೋಸುಕಾಗದದಲ್ಲಿ. ಮೊದಲ ಹನಿಗಳು ಚೆನ್ನಾಗಿಯೇ ಬೀಳುತ್ತವೆ. ಆಮೇಲೆ ತಿರುಳು ಕಾಗದದ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಗಾಜಿನ ಆಲಿಕೆಯ ತುದಿಯಲ್ಲಿ ಒಂದು ಹನಿ ಜೋತುಬಿದ್ದು, ಬೀಳಲೋ ಬೇಡವೋ ಎಂದು ನಮ್ಮನ್ನು ಆಟವಾಡಿಸುತ್ತದೆ. ಯುದ್ಧದ ವರ್ಷಗಳಲ್ಲಿ ಹುಣಸೂರಿನ ಒಂದು ಚಿಕ್ಕ ಪ್ರಯೋಗಶಾಲೆಯಲ್ಲಿ ನಾನು ಮಾಡಿದ್ದು ಇದೇ. ಈಗಲೂ ಯಾರಾದರೂ ಕಾಫಿ ಸೋಸುತ್ತಿದ್ದರೆ ನನಗೆ ಆಕಳಿಕೆ ಬರುತ್ತದೆ.

ಬಂದ ಮಾದರಿಯನ್ನು ಸೋಸಬೇಕು. ಸೋಸಿದ್ದನ್ನು ಪಿಂಗಾಣಿ ಬಟ್ಟಲಿಗೆ ಸುರಿದು, ಬಿಸಿನೀರಿನ ಹಬೆಯ ಮೇಲಿಟ್ಟು ಬತ್ತಿಸಬೇಕು. ಕೊಡದಷ್ಟು ನೀರಿನಲ್ಲಿ ಅಡಗಿದ ವಿಷ ಕಣ್ಣಿಗೆ ಬೀಳಬೇಕಾದರೆ ಆ ಕೊಡವನ್ನು ಚಮಚಕ್ಕೆ ಇಳಿಸಲೇಬೇಕು. ಕುದಿಯಬಾರದು, ಸೀಯಬಾರದು, ಬಿಟ್ಟು ಏಳಬಾರದು. ಎಲ್ಲ ಆದಮೇಲೆ ನಮ್ಮ ಹಿರಿಯ ಕೆಮಿಸ್ಟರು ಬಂದು, ಅದರೊಳಕ್ಕೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹಾಯಿಸಿ, ಕಪ್ಪಾಯಿತೋ ಇಲ್ಲವೋ ನೋಡಿ, ಕೈ ತೊಳೆದುಕೊಂಡು ಹೋಗುವರು. ಹೆಸರು ಅವರದು, ಬೆನ್ನುನೋವು ನನ್ನದು.

ಆ ಸಲ ಗಾವಡಗೆರೆ ಕಡೆಯ ಒಂದು ಮದುವೆಮನೆಯಲ್ಲಿ ಉಂಡವರಿಗೆಲ್ಲ ಹೊಟ್ಟೆ ತೊಳಸಿ ವಾಂತಿಯಾಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಸಾರು ಕಾಯಿಸಿದ ದೊಡ್ಡ ತಾಮ್ರದ ಪಾತ್ರೆಗೆ ಮದುವೆಗೆಂದೇ ಹೊಸದಾಗಿ ಕಲಾಯಿ ಹಾಕಿಸಿದ್ದರು. ಹಾಕಿದವರು ಹುಣಸೂರು ಪೇಟೆಯವರು. ಸುತ್ತಿನ ಹಳ್ಳಿಗಳಿಗೆಲ್ಲ ಅವರು ಕಲಾಯಿ ಸಾಬರು. ಯುದ್ಧದಿಂದಾಗಿ ಕಲಾಯಿಗೆ ಬೇಕಾದ ತವರ ಸಿಗುವುದೇ ಕಷ್ಟವಾಗಿತ್ತು. ಸಾಬರು ತವರಕ್ಕೆ ಸೀಸ ಬೆರೆಸಿದ್ದಾರೆ, ಸಾರಿನ ಹುಳಿಗೆ ಸೀಸ ಬಿಟ್ಟುಕೊಂಡಿದೆ ಎಂದು ಯಾರೋ ಅಂದರು. ಅಷ್ಟು ಸಾಕಾಯಿತು. ಯಾವ ಹಳ್ಳಿಯವರೂ ಅವರ ಕೈಗೆ ಒಂದು ಚೊಂಬು ಸಹ ಕೊಡದಂತಾಯಿತು.

ಹೆಲ್ತ್ ಇನ್ಸ್‌ಪೆಕ್ಟರು ಮದುವೆಮನೆಯವರಿಗೆ, ಉಳಿದ ಸಾರಿನ ಸಮೇತ ಪಾತ್ರೆಯನ್ನು ನಮ್ಮಲ್ಲಿಗೆ ಮುಟ್ಟಿಸಬೇಕೆಂದು ಹೇಳಿಬಂದರು. ಆ ಮನೆಯ ಯಜಮಾನಿಯೇ ಗಾಡಿಯಲ್ಲಿ ತಂದರು. ನೋಡಿದರೆ ಪಾತ್ರೆ ಫಳಫಳ ಹೊಳೆಯುತ್ತಿದೆ. ಒಳಗೆ ಸಾರಿನ ಸುಳಿವಿಲ್ಲ. ಒಂದು ಉಂಡೆ ಬೆಲ್ಲ ಕೂತಿದೆ.

“ಸಾರೆಲ್ಲಮ್ಮಾ?” ಎಂದೆ.

“ಮುಸುರೆ ಪಾತ್ರೆನ ಸರ್ಕಾರದೋರ ಮುಂದೆ ಮಡಗಕ್ಕಾಯ್ತದ್ರಾ? ಚೆಲ್ಬುಟ್ಟು, ಚೆಂದಾಗಿ ಬೆಳಗ್ಬುಟ್ಟು ತಂದಿವ್ನಿ. ಬರೀ ಪಾತ್ರೆ ಕೊಡಬಾರ್ದು ಅಂತ ಬೆಲ್ಲ ಮಡಗಿವ್ನಿ ಕಣ್ರೀ.”

ಹಿರಿಯ ಕೆಮಿಸ್ಟರು ತಲೆಯ ಮೇಲೆ ಕೈಹೊತ್ತು ಕೂತರು. ನನಗೆ ನಗು ಬಂತು, ಅಳುವೂ ಬಂತು. ಆಕೆಯ ಮೇಲೆ ಸಿಟ್ಟು ಮಾಡುವುದು ಹೇಗೆ? ನನ್ನ ತಾಯಿಯಾಗಿದ್ದರೂ ಹಾಗೇ ಮಾಡುತ್ತಿದ್ದಳು, ಬೆಲ್ಲದ ಬದಲು ಸಕ್ಕರೆ ಇಡುತ್ತಿದ್ದಳು.

ಸಾರು ಹೋದರೂ ಕಲಾಯಿ ಉಳಿದಿತ್ತು. ಅದೇ ಪಾತ್ರೆಯಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ನೀರು ಕುದಿಸಿ, ರಾತ್ರಿಯಿಡೀ ಹಾಗೇ ಇಟ್ಟು, ಆ ನೀರನ್ನು ಪರೀಕ್ಷಿಸುವುದೆಂದಾಯಿತು. ಹಣ್ಣಿನಲ್ಲೇ ಏನಾದರೂ ಇದೆಯೋ ತಿಳಿಯಲು ಗಾಜಿನ ಪಾತ್ರೆಯಲ್ಲೂ ಅಷ್ಟೇ ಹುಳಿ ಕುದಿಸಬೇಕು. ಎಂದರೆ ನನಗೆ ಎರಡು ಪಾಲು ಸೋಸುವಿಕೆ.

ಕಲಾಯಿ ಸಾಬರು ಬೆಳಿಗ್ಗೆಯೇ ಬಂದು ನಮ್ಮ ಜಗಲಿಯ ಮೇಲೆ ಕೂರುವರು. ಬಾಗಿಲಿನಿಂದ ಆಲಿಕೆ ಕಾಣುತ್ತಿತ್ತು. ಅವರು ನೋಡುತ್ತಿದ್ದರೆ ಹನಿ ಇನ್ನೂ ತಡವಾಗಿ ಬೀಳುತ್ತದೆ ಎಂದು ನನಗನ್ನಿಸುತ್ತಿತ್ತು.

“ಏನಾದ್ರೂ ಕಾಣಿಸ್ತಾ ಸ್ವಾಮಿ?”

“ಇನ್ನೂ ಸೋಸ್ತಾ ಇದೀನಿ ಸಾಬರೇ.”

“ಸೀಸ ಹಾಕಿದ್ರೆ ಈ ಕೈ ಬಿದ್ದೋಗ್ಲಿ. ತವರ ಸಿಕ್ದೆ ಎಷ್ಟೋ ಮನೆ ಪಾತ್ರೆ ವಾಪಸ್ ಕಳ್ಸಿವ್ನಿ. ಇದು ಬುಟ್ರೆ ನಂಗೆ ಬ್ಯಾರೆ ಕೆಲಸ ಬರಕಿಲ್ಲ.”

ಬತ್ತಿಸುವಾಗ ಒಂದು ಬಟ್ಟಲು ಗಟ್ಟಿಯಾಗಿ ತಳ ಹಿಡಿಯಿತು. ಮತ್ತೆ ಮೊದಲಿನಿಂದ ಹುಳಿ, ಮತ್ತೆ ಕಾಗದ, ಮತ್ತೆ ಹನಿ. ನನಗೆ ಅವರ ಮೇಲೆ ಕನಿಕರವಿತ್ತು, ನಿಜ. ಆದರೆ ಬೆನ್ನು ಸೆಟೆದು ಕಣ್ಣು ಉರಿಯುವಾಗ, ಸೀಸ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮುಗಿದರೆ ಸಾಕು ಎಂದೂ ಅನ್ನಿಸಿದ್ದುಂಟು.

ಕೊನೆಗೆ ಹಿರಿಯರು ಅನಿಲ ಹಾಯಿಸಿದರು. ಸೀಸವಿದ್ದರೆ ಕಪ್ಪಾಗಬೇಕಿತ್ತು; ಆಗಲಿಲ್ಲ. ಇನ್ನೊಮ್ಮೆ ಮಾಡಿದರು. ಆಗಲೂ ಇಲ್ಲ. ಸೀಸವಿಲ್ಲವೆಂಬ ವರದಿ ಮೈಸೂರಿಗೆ ಹೋಯಿತು. ಹೊರಗಿನವರಿಗೆ ಅದರ ನಕಲು ಕೊಡುವ ಪದ್ಧತಿಯಿರಲಿಲ್ಲ. ನಾನೇ ಜಗಲಿಗೆ ಬಂದು ಬಾಯಲ್ಲಿ ಹೇಳಿದೆ.

ಅವರು ಹಿಗ್ಗುತ್ತಾರೆ ಎಂದುಕೊಂಡಿದ್ದೆ. “ನಂಗೆ ಮೊದ್ಲೇ ಗೊತ್ತಿತ್ತಲ್ಲ ಸ್ವಾಮಿ. ಹಳ್ಳಿಯೋರ್ಗೆ ಯಾರು ಹೇಳ್ತಾರೆ?” ಎಂದರು. ಆಮೇಲೆ, ನಮ್ಮ ಮನೆಯ ಪಾತ್ರೆಯೊಂದನ್ನು ಸಂತೆಗೆ ತರುವಿರಾ ಎಂದು ಕೇಳಿದರು. ನಾಲ್ಕು ಜನರ ಮುಂದೆ ಕಲಾಯಿ ಹಾಕುತ್ತಾರೆ, ನಾನು ಅದರಲ್ಲಿ ಏನಾದರೂ ಕುಡಿಯಬೇಕು, ಅಷ್ಟೆ.

ಸಂತೆಯ ದಿನ ನನ್ನ ಹೆಂಡತಿ ತಾಮ್ರದ ತಪ್ಪಲೆ ಕೊಟ್ಟಳು. ಸಾಬರು ಗುಂಡಿ ತೋಡಿ ಇದ್ದಿಲು ಹೊತ್ತಿಸಿ ತಿದಿ ಒತ್ತಿದರು. ಕಾದ ತಪ್ಪಲೆಗೆ ತವರ ಮುಟ್ಟಿಸಿ ನವಸಾಗರದ ಪುಡಿ ಉದುರಿಸಿದಾಗ ಹೊಗೆ ಎದ್ದಿತು; ಹತ್ತಿಯಿಂದ ಒಂದು ಸುತ್ತು ಒರೆಸಿದ್ದೇ ತಡ, ಒಳಗೆಲ್ಲ ಬೆಳ್ಳಿಯ ಬಣ್ಣ ಬಂತು. ನೀರಿಗೆ ಅದ್ದಿ ತಣಿಸಿದರು. ಸಂತೆಯಲ್ಲೇ ಕೊಂಡ ಹುಳಿಮಜ್ಜಿಗೆಯನ್ನು ಅದಕ್ಕೆ ತುಂಬಿಸಿ, ಸಾಕಷ್ಟು ಹೊತ್ತು ಬಿಟ್ಟು, ಎಲ್ಲರೂ ನೋಡುತ್ತಿರುವಂತೆ ನಾನು ಕುಡಿದೆ. ಜನ ಸೇರಿದ್ದರು. ಗಾವಡಗೆರೆ ಕಡೆಯ ಆ ಯಜಮಾನಿಯೂ ಕಂಕುಳಲ್ಲಿ ಒಂದು ಪಾತ್ರೆ ಇಟ್ಟುಕೊಂಡು ನಿಂತಿದ್ದರು. ಅದನ್ನು ಕೆಳಗಿಡುತ್ತಾರೆ ಎಂದು ಸಾಬರು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ.

“ಅವ್ರು ಕುಡುದ್ರೆ ಏನ್ ಬಂತು ಬುಡ್ರವ್ವ, ಅವ್ರತ್ರ ಇಸಕ್ಕೆ ಮದ್ದಿರ್ತದೆ” ಎಂದು ಆಕೆ ಪಕ್ಕದವರಿಗೆ ಹೇಳಿದರು. “ಏನೂ ಇಲ್ದಿದ್ರೆ ಸರ್ಕಾರದೋರು ಸಂತೆಗಂಟ ಬಂದು ಯಾಕ್ ಕುಡುದು ತೋರ್ಸಾರು?”

ನಾನು ಕೂಗಿ ಹೇಳಿದೆ: ಸೋಸಿದ್ದೇವೆ, ಬತ್ತಿಸಿದ್ದೇವೆ, ಎರಡೆರಡು ಸಲ ನೋಡಿದ್ದೇವೆ. ಎರಡು ಸಲ ಯಾಕೆ ನೋಡಬೇಕಾಯಿತು ಎಂದು ಹಿಂದಿನಿಂದ ಯಾರೋ ಕೇಳಿದರು. ಮೊದಲು ಆಕೆ ಹೊರಟರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಸಾಬರು ತಿದಿ ಬಿಟ್ಟು ನನ್ನ ಹತ್ತಿರ ಬಂದರು. “ತಪ್ಪು ತಿಳ್ಕೋಬ್ಯಾಡಿ ಸ್ವಾಮಿ. ನೀವು ಮನೆಗೋಗ್ಬುಡಿ. ನೀವು ನಿಂತಿದ್ರೆ ಇನ್ನೂ ಎದರ್ಕೋತಾರೆ.”

ತಪ್ಪಲೆಯಲ್ಲಿ ಅರ್ಧ ಮಜ್ಜಿಗೆ ಉಳಿದಿತ್ತು. ಅಲ್ಲೇ ಚೆಲ್ಲಿದರೆ ನೋಡುವವರು ಏನೆಂದುಕೊಳ್ಳುತ್ತಾರೋ ಎಂದು, ಎರಡು ಕೈಯಲ್ಲೂ ಹಿಡಿದು, ಒಂದು ಹನಿಯೂ ತುಳುಕದಂತೆ ಮನೆಯವರೆಗೂ ನಡೆದೆ.