ದೊಡ್ಡಾಕಿ

ಯಾರ ಮನೆಯಲ್ಲಾದರೂ ಪುಂಡಿಪಲ್ಯ ಕುದಿಯುತ್ತಿದ್ದರೆ ನಾನು ಅಲ್ಲಿ ಹೆಚ್ಚು ಹೊತ್ತು ಕೂರಲಾರೆ. ಆ ಹುಳಿ ಎಲೆ, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ನಮ್ಮ ಕಡೆಯವರಿಗೆಲ್ಲ ಬಾಯಲ್ಲಿ ನೀರು ಬರಿಸುವ ವಾಸನೆ ಅದು. ನನಗೆ ಕಣ್ಣಲ್ಲಿ ಬರುತ್ತದೆ. ಹೊಗೆ ಎಂದು ನೆಪ ಹೇಳಿ ಎದ್ದು ಬರುತ್ತಿದ್ದೆ. ಗ್ಯಾಸಿನ ಒಲೆ ಬಂದ ಮೇಲೆ ಆ ನೆಪವೂ ಉಳಿದಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದೀತು, ಸುಮ್ಮನೆ ಕೂತವರನ್ನು ಕೈಹಿಡಿದು ಇಲ್ಲದ ಮನೆಯೊಳಗೆ ಕರೆದೊಯ್ಯುವಂಥದು. ನನ್ನನ್ನು ಅದು ತವರೂರು ನೆಲೋಗಿಗೆ ಒಯ್ಯುತ್ತದೆ, ಬೆಳಕಿಂಡಿಯೊಂದೇ ಇದ್ದ ನಮ್ಮ ಕತ್ತಲ ಅಡುಗೆಮನೆಗೆ. ಆ ಮಣ್ಣಿನ ಮನೆ ಬಿದ್ದು ಎಷ್ಟೋ ಕಾಲವಾಯಿತು, ಗೋಡೆಯ ಮಣ್ಣನ್ನು ಯಾರೋ ಹೊಲಕ್ಕೆ ಹೇರಿಕೊಂಡು ಹೋದರು. ಅಪ್ಪನೂ ಇಲ್ಲ, ತಂಗಿ ಗಂಗಿಯೂ ಇಲ್ಲ.

ನಿಜಾಮನ ಆಳಿಕೆಯ ಕಾಲ. ಅವ್ವ ಜ್ವರದಲ್ಲಿ ತೀರಿಕೊಂಡಾಗ ನನಗೆ ಒಂಬತ್ತು, ಗಂಗಿಗೆ ಮೂರು. ಅಡುಗೆಮನೆ ಅಂದಿನಿಂದ ನನ್ನದಾಯಿತು. ರೊಟ್ಟಿ ಬಡಿದೆ, ಎಮ್ಮೆ ಹಿಂಡಿದೆ, ಗಂಗಿಯ ತಲೆ ಬಾಚಿದೆ. ಅವಳು ನನ್ನನ್ನೇ ಅವ್ವಾ ಎನ್ನತೊಡಗಿದಳು. ಅಪ್ಪ ಹೊಲದಿಂದ ಬಂದವನು ಕಟ್ಟೆಯ ಮೇಲೆ ಕೂತು ಮಂದಿಗೆ ಹೇಳುತ್ತಿದ್ದ: "ನಮ್ಮ ದೊಡ್ಡಾಕಿ ಅದಾಳ, ನನಗೇನ ಚಿಂತಿ?" ಓಣಿಯವರೂ ಹಾಗೆಯೇ ಕರೆದರು. ಹದಿಮೂರಕ್ಕೆ ಬರುವ ಹೊತ್ತಿಗೆ ಆ ಮಾತು ನನ್ನ ನೆತ್ತಿಗೇರಿತ್ತು. ನನ್ನ ಓರಗೆಯ ಹುಡುಗಿಯರು ಕುಂಟಾಟ ಆಡುವುದನ್ನು ಕೊಡ ಹೊತ್ತು ನಿಂತು ನೋಡುತ್ತಿದ್ದೆ. ಎಂಥ ಸಣ್ಣ ಬುದ್ಧಿಯವರು ಇವರು ಎಂದು ಮೂಗು ಮುರಿಯುತ್ತಿದ್ದೆ. ಅವರು ಗುಂಪುಗೂಡಿ ಪಿಸುಗುಟ್ಟಿ ಕಿಸಕ್ಕನೆ ನಗುವುದು, ನಾನು ಹತ್ತಿರ ಬಂದರೆ ಬಾಯಿ ಮುಚ್ಚುವುದು ನಡೆದೇ ಇತ್ತು. ನನಗೆ ಹೆದರುತ್ತಾರೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅವ್ವ ಇದ್ದಾಗಲೇ ಮಣ್ಣೂರಿನ ಹುಡುಗನೊಂದಿಗೆ ನನ್ನ ಮದುವೆಯಾಗಿತ್ತು. ಆಗ ಎಲ್ಲರದೂ ಹಾಗೆಯೇ. ಮೈನೆರೆದ ಮೇಲೆ ಗಂಡನ ಮನೆಗೆ ಬಾಳುವೆಗೆ ಕಳಿಸುವುದು ಎಂದು ಹಿರಿಯರ ಮಾತು. ಒಂದು ದಿನ ಅತ್ತೆ ಗಾಣಗಾಪುರಕ್ಕೆ ಹೋದವಳು ಹಾಗೇ ನಮ್ಮೂರಿಗೂ ಬಂದಳು. ನಾನು ಪುಂಡಿಪಲ್ಯ ಮಾಡಿ ಬಡಿಸಿದೆ. ಬೆರಳು ನೆಕ್ಕಿಕೊಂಡು ಉಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಕೇಳಿದಳು:

"ಏನವಾ, ದೊಡ್ಡಾಕಿ ಆಗಿಯೇನ?"

ಎಂಥ ಪ್ರಶ್ನೆ! ಉಂಡ ಮೇಲೂ ಅನುಮಾನವೇ ಎಂದುಕೊಂಡೆ. "ಹೌದ್ರಿ. ಆಗಿ ಭಾಳ ದಿನ ಆತ್ರಿ."

"ಅಯ್ಯ, ನಮಗ ಹೇಳೇ ಇಲ್ಲಲ್ಲ ಮತ್ತ!"

"ಅದರಾಗ ಹೇಳೋದೇನದರಿ? ಊರಿಗೇ ಗೊತ್ತದ."

ಅತ್ತೆಯ ಮುಖ ಬಿಗಿಯಿತು. ಹೊರಗೆ ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು, ಬೀಗರಿಂದ ಮುಚ್ಚಿಡುವ ಸುದ್ದಿಯೇ ಇದು ಎಂದು. ಅಪ್ಪ ತಲೆ ತಗ್ಗಿಸಿ, "ಹಿರೇ ಹೆಣ್ಣಮಕ್ಕಳಿಲ್ಲದ ಮನಿ ಅದರಿ, ನನಗ ಯಾರ ಹೇಳಬೇಕು? ತಪ್ಪಾತ್ರಿ" ಎಂದ. ಯುಗಾದಿ ಮುಗಿಯುತ್ತಲೇ ನನ್ನನ್ನು ಕಳಿಸುವುದೆಂದು ನಿಶ್ಚಯವಾಯಿತು. ಏಕೆ ಇಷ್ಟು ಅವಸರ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ತಿಳಿಸಿದವಳು ಪಕ್ಕದ ಮನೆಯ ಶಿವಕ್ಕ. ನನ್ನ ವಾರಿಗೆಯವಳೇ, ಆಗಲೂ ಗೊಂಬೆಗೆ ಸೀರೆ ಉಡಿಸುತ್ತಿದ್ದಳು. ಬಾವಿಯ ಹತ್ತಿರ ನಾನು ನಡೆದದ್ದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಚ್ಚಿ, ದೊಡ್ಡಾಕಿ ಆಗೋದಂದ್ರ ಅಡಿಗಿ ಮಾಡೋದೇನ ಬೇ?" ಎಂದು, ಮೈನೆರೆಯುವುದೆಂದರೆ ಏನೆಂದು ಕಿವಿಯಲ್ಲಿ ಹೇಳಿದಳು. ಅವಳಿಗೆ ಅವಳವ್ವ ಹೇಳಿದ್ದಳಂತೆ, ಎಲ್ಲ ಹುಡುಗಿಯರಿಗೂ ಗೊತ್ತಿತ್ತಂತೆ. ಆ ಪಿಸುಮಾತು ಅದೇ ಆಗಿತ್ತು. ಹಗ್ಗ ಕೈಯಿಂದ ಜಾರಿ ಕೊಡ ಬಾವಿಗೆ ಬಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಊರಿನ ಮಕ್ಕಳಲ್ಲೆಲ್ಲ ಸಣ್ಣವಳು ನಾನೇ ಆಗಿದ್ದೆ.

ಇದನ್ನು ಯಾರಿಗೆ ಹೇಳುವುದು? ಮನೆಯಲ್ಲಿ ಅಪ್ಪನೊಬ್ಬ, ಗಂಡಸು, ಬಾಯಿ ಬರಲೊಲ್ಲದು. ಆದರೆ ಹೇಳದಿದ್ದರೆ ಗಂಗಿಯ ಗತಿಯೇನು? ನನ್ನ ಸೆರಗು ಹಿಡಿದೇ ಮಲಗುವ ಕೂಸು ಅದು. ಎದೆ ಗಟ್ಟಿ ಮಾಡಿಕೊಂಡು ಅಪ್ಪನ ಮುಂದೆ ನಿಂತೆ. "ಅಪ್ಪಾ, ನಾ ಇನ್ನಾ ದೊಡ್ಡಾಕಿ ಆಗಿಲ್ಲ" ಎಂದೆ. ಅಷ್ಟೇ ಹೇಳಲಾದದ್ದು. ಅಪ್ಪನ ಕಣ್ಣು ತುಂಬಿದವು. ಹೋಗಲು ಮನಸ್ಸಿಲ್ಲದೆ ಹಾಗೆನ್ನುತ್ತಾಳೆ ಎಂದುಕೊಂಡ. ನನ್ನ ತಲೆ ಸವರಿ, "ನೀ ಅಲ್ಲದ ಮತ್ಯಾರವಾ ಈ ಮನಿಗೆ ದೊಡ್ಡಾಕಿ?" ಎಂದು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಮತ್ತೊಮ್ಮೆ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಬಂಡಿ ಹೊರಟಾಗ ಗಂಗಿ "ಅವ್ವಾ" ಎಂದು ಊರ ಅಗಸೆಬಾಗಿಲವರೆಗೆ ಓಡಿ ಬಂದಳು. ಹೊಳೆ ದಾಟಿದರೂ ಆ ಕೂಗು ನನ್ನ ಕಿವಿ ಬಿಡಲಿಲ್ಲ. ಮಣ್ಣೂರಿನಲ್ಲಿ ಅತ್ತೆಗೆ ನಿಜ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಬಯ್ಯಲಿಲ್ಲ, ಪಾಪ, ನಕ್ಕಳು. "ಬಂದಾಕಿ ಬಂದಿ. ಇಲ್ಲೇ ಆಗು" ಎಂದಳು. ಒಳ್ಳೆಯ ಹೆಂಗಸೇ. ಆದರೆ ಗಂಡನ ಮನೆಗೆ ಬಂದವಳನ್ನು ತಿರುಗಿ ಕಳಿಸಿದರೆ ಮಂದಿ ಏನೆಂದಾರು ಎಂಬುದು ಅವಳಿಗೂ ದೊಡ್ಡದಾಗಿತ್ತು.

ನಾಗರಪಂಚಮಿಗೆ ಅಪ್ಪ ತವರಿಗೆ ಕರೆಯಲು ಬಂದ. ನಮ್ಮ ಮನೆಯ ಹೊಸ್ತಿಲು ದಾಟುವ ಮೊದಲೇ ಪುಂಡಿಪಲ್ಯದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಏಳು ವರ್ಷದ ಗಂಗಿ ಮಣೆಯ ಮೇಲೆ ನಿಂತು, ಎರಡೂ ಕೈಯಿಂದ ಕಟ್ಟಿಗೆಯ ಹುಟ್ಟು ಹಿಡಿದು ಗಡಿಗೆಯ ಪಲ್ಯ ತಿರುವುತ್ತಿದ್ದಳು. ಮೊಣಕೈಯಲ್ಲಿ ಸುಟ್ಟ ಗಾಯ. ನನ್ನನ್ನು ನೋಡಿ "ಬಾ ಅಕ್ಕಾ, ಕೂಡು" ಎಂದಳು, ಬೀಗರಿಗೆ ಹೇಳುವ ಹಾಗೆ. ಅವ್ವಾ ಎನ್ನಲಿಲ್ಲ. ಅಪ್ಪ ಹಿಂದಿನಿಂದ ಹೆಮ್ಮೆಯಿಂದ ಹೇಳಿದ: "ಈಗ ಇಕೀನೇ ನೋಡವಾ ನಮ್ಮ ಮನಿ ದೊಡ್ಡಾಕಿ."

ಗಂಗಿಯ ಮುಖ ಅರಳಿತು. ಹಾಗೆ ಅರಳುವುದನ್ನು ನಾನು ಬಲ್ಲೆ. ಅವಳನ್ನು ಮಣೆಯಿಂದ ಇಳಿಸಿ ಎದೆಗೆ ಒತ್ತಿಕೊಂಡು ಕಿವಿಯಲ್ಲಿ ಅಂಗಲಾಚಿದೆ: "ಯಾರರೇ ಕೇಳಿದ್ರ, ಇನ್ನಾ ಆಗಿಲ್ಲ ಅನ್ನು ಗಂಗಿ. ನನ್ನ ಮ್ಯಾಲ ಆಣಿ."

ಅವಳು ಕೊಸರಿಕೊಂಡಳು. "ಯಾಕನ್ಲಿ? ನಾ ಆಗೇನಿ" ಎಂದು ಮತ್ತೆ ಮಣೆ ಹತ್ತಿದಳು.