ಬ್ಯಾಂಕಾಕಿನಲ್ಲಿ ಅತ್ತೆಯ ಬೋಣಿ

ನಮ್ಮದು ಬಳೇಪೇಟೆಯಲ್ಲಿ ಬಳೆ, ಸರ, ಹೇರ್‌ಕ್ಲಿಪ್ಪುಗಳ ಸಗಟು ಅಂಗಡಿ. ಅದನ್ನು ಬೆಳೆಸಿದವರು ನಮ್ಮತ್ತೆ. ನಾನು ಮದುವೆಯಾಗಿ ಬಂದ ಮೇಲೆ ವ್ಯಾಪಾರ ಕಲಿತವಳು. ಕ್ಲಿಪ್ಪು ಬರುವ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವರಿಗೆ ಬಹಳ ದಿನದ ಆಸೆ. ಹೋದ ವರ್ಷ ನಾವಿಬ್ಬರೇ ಬ್ಯಾಂಕಾಕಿಗೆ ಹೊರಟೆವು. ದುಡ್ಡಿನ ಜವಾಬ್ದಾರಿ ನನ್ನದು. ತ್ಯಾಗರಾಜನಗರದಲ್ಲಿ ಮನೆಮುಂದೆ ಬರುವ ಸೊಪ್ಪಿನವಳಿಗೆ ಹತ್ತು ರೂಪಾಯಿ ಕೊಡುವುದಕ್ಕೂ ಫೋನು ತೆಗೆಯುವವಳು ನಾನು; ಒಂದು ಕಾರ್ಡು, ಒಂದಿಷ್ಟು ಡಾಲರು ಇದ್ದರೆ ಸಾಕೆಂದು ಬೀಗುತ್ತಿದ್ದೆ.

ಮೊದಲ ಬೆಳಗ್ಗೆಯೇ ಎಡವಟ್ಟಾಯಿತು. ವಿಮಾನ ನಿಲ್ದಾಣದಲ್ಲಿ ಬದಲಾಯಿಸಿಕೊಂಡ ಬಾತ್, ಅಂದರೆ ಅಲ್ಲಿಯ ದುಡ್ಡು, ಎಲ್ಲ ಟ್ಯಾಕ್ಸಿಗೇ ಆಗಿಹೋಗಿತ್ತು. ಅತ್ತೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ತಿಂಡಿಗೆಂದು ಕೆಳಗಿಳಿದರು. ನೋಡಿದರೆ ಆ ಹೋಟೆಲಿನಲ್ಲಿ ತಿಂಡಿಯೇ ಇಲ್ಲ. ಬೀದಿಯ ಎಟಿಎಂ ನನ್ನ ಕಾರ್ಡನ್ನು ಎರಡು ಸಲ ಹೊರಗೆ ತಳ್ಳಿತು. ಬ್ಯಾಂಕಿಗೆ ಫೋನು ಮಾಡಿದರೆ ಸಂಗೀತ ಕೇಳಿಸುತ್ತ ಕಾಯಿಸಿದರು. ಹಣ ಬದಲಾಯಿಸುವ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಅಷ್ಟರಲ್ಲಿ ಅತ್ತೆಯ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು ಒಡೆಯಿತು. ಶುಗರ್ ಇಳಿಯುತ್ತಿದೆ ಎಂದು ಗೊತ್ತಾಯಿತು. ಚೀಲದಲ್ಲಿದ್ದ ಪೆಪ್ಪರ್‌ಮಿಂಟು ವಿಮಾನದಲ್ಲೇ ಮುಗಿದಿತ್ತು. ನನ್ನ ಜೀವ ಬಾಯಿಗೆ ಬಂತು.

ಎದುರಿಗೆ ಒಬ್ಬ ಹೆಂಗಸು ಆಗಷ್ಟೇ ಹಣ್ಣಿನ ಗಾಡಿ ಜೋಡಿಸುತ್ತಿದ್ದಳು. ಅತ್ತೆಯನ್ನು ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಬಾಳೆಹಣ್ಣಿನ ಚಿಪ್ಪು ತೋರಿಸಿ, ನೂರು ಡಾಲರಿನ ನೋಟು ಚಾಚಿದೆ. ಅವಳು ಹೆದರಿ ಎರಡೂ ಕೈ ಆಡಿಸಿದಳು. ಅಷ್ಟಕ್ಕೆ ಚಿಲ್ಲರೆ ಎಲ್ಲಿಂದ ತಂದಾಳು ಪಾಪ. ಆಮೇಲೆ ಕೊಡುತ್ತೇನೆಂದು ಕೈಸನ್ನೆ ಮಾಡಲು ಹೊರಟೆ. ಅತ್ತೆ ನನ್ನ ದುಪಟ್ಟಾ ಹಿಡಿದೆಳೆದರು.

"ಬೋಣಿ ಹೊತ್ತು ಕಣೇ. ಸಾಲ ಕೇಳ್ಬೇಡ."

ದಿನದ ಮೊದಲ ವ್ಯಾಪಾರವೇ ಬೋಣಿ. ಅದು ನಗದಾಗಿಯೇ ಆಗಬೇಕು, ಸಾಲವಾದರೆ ಇಡೀ ದಿನ ಗೋವಿಂದ ಎನ್ನುವುದು ನಮ್ಮ ಪೇಟೆಯ ನಂಬಿಕೆ. ಅಂಗಡಿಯಲ್ಲಿ ನಾನೂ ಪಾಲಿಸುತ್ತೇನೆ. ಆದರೆ ತಮ್ಮ ಕಣ್ಣೇ ಮಂಜಾಗುತ್ತಿರುವಾಗ ಅತ್ತೆಗೆ ಪರದೇಶದ ಹಣ್ಣಿನವಳ ಬೋಣಿಯ ಚಿಂತೆಯೇ? ನನಗೆ ಪಿತ್ತ ನೆತ್ತಿಗೇರಿತು. ನಿಮಗೇನಾದರೂ ಆದರೆ ನಿಮ್ಮ ಮಗನಿಗೆ ನಾನು ಏನು ಹೇಳಲಿ ಎಂದು ರೇಗಿದೆ. ಎಂದಿನಂತೆ ಗದರಲೂ ಅವರಿಗೆ ತ್ರಾಣವಿರಲಿಲ್ಲ. ಸೊಂಟದ ಸಂಚಿಯಿಂದ ನಮ್ಮ ನೂರು ರೂಪಾಯಿಯ ನೋಟೊಂದನ್ನು ತೆಗೆದು ಹಣ್ಣಿನವಳತ್ತ ಚಾಚಿದರು.

"ಅದು ಇಲ್ಲಿ ನಡೆಯಲ್ಲ ಅತ್ತೆ," ಎಂದೆ.

ಹೆಂಗಸು ನೋಟು ನೋಡಿದಳು, ಅತ್ತೆಯ ಮುಖ ನೋಡಿದಳು, ಸುಮ್ಮನೆ ತೆಗೆದುಕೊಂಡಳು. ಆಮೇಲೆ ಅದನ್ನು ಬಾಳೆಹಣ್ಣಿಗೆ, ಪಪ್ಪಾಯಿಗೆ, ಮಾವಿಗೆ, ಗಾಡಿಯ ಮೇಲಿದ್ದ ಎಲ್ಲಕ್ಕೂ ಪಟಪಟನೆ ಮುಟ್ಟಿಸಿಕೊಂಡು ಬಂದಳು. ಅವಳಿಗೂ ಬೋಣಿಯೇ. ಬೋಣಿ ದುಡ್ಡನ್ನು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ, ಅವರು ಮಾಲಿಗೆ ಮುಟ್ಟಿಸುತ್ತಾರೆ, ಅಷ್ಟೇ. ಮೊದಲ ಹಣ್ಣನ್ನು ಅವಳೇ ಸುಲಿದು ಅತ್ತೆಯ ಬಾಯಿಗಿಟ್ಟಳು. ಎರಡನೆಯದನ್ನು ಅತ್ತೆ ತಾವೇ ಸುಲಿದುಕೊಂಡರು.

ಹಣ ಬದಲಾಯಿಸುವ ಅಂಗಡಿ ತೆರೆದ ಮೇಲೆ ಬಾತ್ ತಂದು ಅವಳ ಮುಂದೆ ಹಿಡಿದು, ನಡೆಯದ ಆ ನೋಟನ್ನು ವಾಪಸ್ ಕೊಡೆಂದು ಸನ್ನೆ ಮಾಡಿದೆ. ಅವಳು ಹಣದ ಡಬ್ಬಿಯ ಮೇಲೆ ಕೈ ಊರಿ ಆಗುವುದಿಲ್ಲವೆಂದು ತಲೆಯಾಡಿಸಿದಳು. ನಾನು ಬಿಡಲಿಲ್ಲ. ಆಗ ಹಿಂದಿನಿಂದ ಅತ್ತೆಯ ದನಿ ಕೇಳಿತು, ಅಂಗಡಿಯ ಗಲ್ಲಾ ಮುಂದೆ ಕೂತು ಗದರುವ ಅದೇ ದನಿ.

"ಬೋಣಿ ದುಡ್ಡು ವಾಪಸ್ ಕೇಳ್ತಿದೀಯಲ್ಲ, ನಿಂಗೆ ಬುದ್ಧಿ ಇದೆಯಾ? ಇಷ್ಟು ವರ್ಷ ನನ್ ಅಂಗಡೀಲಿ ಕೂತು ಇದೇನಾ ಕಲ್ತಿದ್ದು?"

ಮದುವೆಯಾದಾಗಿನಿಂದ ಈ ಬೈಗುಳ ಕೇಳಿ ಕೇಳಿ ಸಾಕಾಗಿದೆ. ಆ ಹೊತ್ತಿಗೆ ಮಾತ್ರ ಅದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ ಅನ್ನಿಸಿತು. ಬೈಯುವಷ್ಟು ಶಕ್ತಿ ಬಂದಿತ್ತಲ್ಲ ಅವರಿಗೆ. ನಡುಬೀದಿಯಲ್ಲೇ ಅತ್ತುಬಿಟ್ಟೆ. ಅತ್ತೆ ಅದನ್ನು ಗಮನಿಸಲೂ ಇಲ್ಲ. ನನ್ನ ಕೈಯಲ್ಲಿದ್ದ ಬಾತ್ ಕಸಿದುಕೊಂಡು, ಪಪ್ಪಾಯಿಗೆ ಕನ್ನಡದಲ್ಲೇ ಚೌಕಾಸಿ ಶುರು ಮಾಡಿದ್ದರು.